ಬೇರೆ ಬ್ಯಾಪ್ಟಿಸ್ಟ್ ಸಭೆಗೆ ಹೋಗಿ ಸಭಾನಾಯಕತ್ವ ಕಲಿತವರು ಅನುಭವ ತಿಳಿಸುವಿರಾ?

ಪ್ರಶ್ನೆ – ಯಲಹಂಕದಿಂದ

ನಮ್ಮದು ಸುಮಾರು 60 ಸದಸ್ಯರ ಕನ್ನಡ ಬ್ಯಾಪ್ಟಿಸ್ಟ್ ಸಭೆ (ಚರ್ಚ್). ಇದುವರೆಗೆ ಸಭಾಪಾಲಕರೊಬ್ಬರೇ (ಪಾಸ್ಟರ್) ಎಲ್ಲವನ್ನೂ ನೋಡಿಕೊಂಡು ಬಂದಿದ್ದಾರೆ. ಈಗ ಅವರ ಆರೋಗ್ಯ ಸರಿಯಿಲ್ಲದ ಕಾರಣ ಮೂವರನ್ನು ಹಿರಿಯರ, ಅಂದರೆ ಸಭೆಯನ್ನು ನಡೆಸುವವರ, ಜವಾಬ್ದಾರಿಗೆ ಸಿದ್ಧಪಡಿಸಬೇಕೆಂದು ತೀರ್ಮಾನವಾಗಿದ್ದು, ಆ ಮೂವರಲ್ಲಿ ನಾನೂ ಒಬ್ಬ. ನಗರದ ಇನ್ನೊಂದು ಬ್ಯಾಪ್ಟಿಸ್ಟ್ ಸಭೆಗೆ ಹೋಗಿ ಅಲ್ಲಿನ ಆಡಳಿತವನ್ನು ಕಣ್ಣಾರೆ ನೋಡಿ ಬನ್ನಿ ಎಂದು ಸಭಾಪಾಲಕರೇ ಹೇಳಿದ್ದಾರೆ. ಎಷ್ಟು ವಾರ ಹೋಗಬೇಕು, ಏನನ್ನು ಗಮನಿಸಬೇಕು? ಶಿಫ್ಟ್ ಕೆಲಸದಲ್ಲಿರುವ ನನಗೆ ತಿಂಗಳಿಗೆ ಎರಡೇ ಭಾನುವಾರ ಬಿಡುವು ಸಿಗುತ್ತದೆ.

ಕೆಂಗೇರಿಯಿಂದ

ಸಹೋದರರೇ, ನಾನು ಮತ್ತು ನನ್ನ ಹೆಂಡತಿ ವೈಟ್‌ಫೀಲ್ಡ್ ಕಡೆಯ ಒಂದು ಸಭೆಗೆ ಸತತ 11 ಭಾನುವಾರ ಹೋಗಿದ್ದೆವು. ಕೆಂಗೇರಿಯಿಂದ ಮೆಟ್ರೋ ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದೆಂಬುದು ನಿಜ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಒಬ್ಬರಿಗೆ ಒಂದು ಕಡೆಗೇ 90 ರೂಪಾಯಿ. ಇಬ್ಬರು ಹೋಗಿಬರಲು 360ರಂತೆ 3,960 ರೂಪಾಯಿ ರೈಲಿಗೇ ಆಯಿತು. ನಿಲ್ದಾಣದಿಂದ ಸಭೆಗೆ ಆಟೋ 80ರಂತೆ ಎರಡು ಸಲ, ಅದು 1,760. ಹೀಗೆ 5,720 ರೂಪಾಯಿಯನ್ನು ಸಭೆಯ ಹುಂಡಿ ಮುಟ್ಟದೆ ಕೈಯಿಂದಲೇ ಹಾಕಿದೆವು.

ಹಣಕ್ಕಿಂತ ದೊಡ್ಡ ನಷ್ಟ ನಮ್ಮ ಸಭೆಯಲ್ಲಿಯೇ ಆಯಿತು. ನಾನು ನಡೆಸುತ್ತಿದ್ದ ಸಂಡೇ ಸ್ಕೂಲಿನ ತರಗತಿಯಲ್ಲಿ 14 ಮಕ್ಕಳಿದ್ದವರು ನಾನು ಹಿಂದಿರುಗುವ ಹೊತ್ತಿಗೆ 5 ಆಗಿದ್ದರು. ನಾವು ಸಭೆ ಬಿಟ್ಟೆವೆಂಬ ಮಾತು ಹಬ್ಬಿ, ಮೂರನೆಯ ವಾರಕ್ಕೇ ಇಬ್ಬರು ಮನೆಗೆ ಬಂದು ವಿಚಾರಿಸಿಕೊಂಡು ಹೋದರು. ಹೋಗುವ ಮುನ್ನ ಸಭೆಯ ಮುಂದೆ ನಿಲ್ಲಿಸಿ ಪ್ರಾರ್ಥಿಸಿ ಕಳುಹಿಸಿರೆಂದು ನಾನು ಕೇಳಬೇಕಿತ್ತು, ಕೇಳಲಿಲ್ಲ.

ಆದರೂ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ಅಲ್ಲಿನ ಸದಸ್ಯರ ಕೂಟವನ್ನು ಕಂಡೆ. ಖಜಾಂಚಿ ತಿಂಗಳ ಖರ್ಚನ್ನು ಒಂದೊಂದಾಗಿ ಓದುತ್ತಿದ್ದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು, ಟೀ ಲೋಟಗಳಿಗೆ 640 ರೂಪಾಯಿ ಹೇಗಾಯಿತೆಂದು ಕೇಳಿದರು. ಯಾರೂ ಅವರನ್ನು ಕೂರಿಸಲಿಲ್ಲ. ಹಿರಿಯರೊಬ್ಬರು ಎದ್ದು ನಿಂತು ಉತ್ತರಿಸಿದರು. ರಸೀದಿ ಅಜ್ಜಿಯ ಕೈಗೆ ಹೋಯಿತು, ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಮುಗಿಸುವವರೆಗೆ ಕೂಟ ಸುಮ್ಮನೆ ಕಾಯಿತು. ಪ್ರಸಂಗಪೀಠದ ಮೇಲೆ ಎಲ್ಲ ಸಭೆಗಳೂ ಚೆನ್ನಾಗಿಯೇ ಕಾಣುತ್ತವೆ. ಕಾಣಿಕೆ ಎಣಿಸುವ ಮೇಜಿನ ಬಳಿ ಹೋಗಿ ನೋಡಿ. ಅಲ್ಲಿ ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಇಬ್ಬರೂ ಸಹಿ ಹಾಕುತ್ತಿದ್ದರು. ಸಭಾಪಾಲಕರು ಆ ಕೋಣೆಗೇ ಬರುತ್ತಿರಲಿಲ್ಲ.

ಲಿಂಗರಾಜಪುರದಿಂದ

ಮೇಲಿನ ಸಹೋದರರ ಉತ್ತರವನ್ನು ಓದಿ ಮನಸ್ಸಿಗೆ ನೋವಾಯಿತು, ಏಕೆಂದರೆ ನಾನೂ ಹೀಗೆಯೇ ಮರುಳಾಗಿದ್ದೆ. ಆರು ವರ್ಷಗಳ ಹಿಂದೆ ಒಂದು ದೊಡ್ಡ ಇಂಗ್ಲಿಷ್ ಸಭೆಯಲ್ಲಿ ನಾಲ್ಕು ತಿಂಗಳು ಕಲಿತು, ಅವರ 38 ಪುಟಗಳ ನಿಯಮಾವಳಿಯನ್ನು ತಂದು ಕನ್ನಡಕ್ಕೆ ಅನುವಾದ ಮಾಡಿಸಿದೆ. ಅನುವಾದಕ್ಕೆ 9,500, ಡಿಟಿಪಿಗೆ 2,200, ನೂರು ಪ್ರತಿಗಳ ಮುದ್ರಣಕ್ಕೆ 6,800 ರೂಪಾಯಿ. ಆ ಪ್ರತಿಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಇಂದಿಗೂ ನಮ್ಮ ಮನೆಯ ಅಟ್ಟದ ಮೇಲಿವೆ.

ನಮ್ಮ ಸಭೆಯವರು ಗಾರ್ಮೆಂಟ್ಸ್‌ನಲ್ಲಿ, ಮನೆಗೆಲಸದಲ್ಲಿ, ಸೆಕ್ಯುರಿಟಿ ಕೆಲಸದಲ್ಲಿ ದುಡಿಯುವವರು. ಹಿರಿಯರನ್ನು ಆರಿಸಲು ನಾಲ್ಕು ಗಂಟೆಗೆ ಕೂಟವೆಂದರೆ ಬಂದವರು 19 ಮಂದಿ. ಆ 19 ಮಂದಿಯ ಮತಚೀಟಿಯಿಂದ ಆಯ್ಕೆಯಾದ ಹಿರಿಯರನ್ನು ಉಳಿದವರು ಒಪ್ಪಲಿಲ್ಲ. ಎಂಟು ತಿಂಗಳೊಳಗೆ 23 ಕುಟುಂಬಗಳು ಹೊರಟು ಬೇರೆ ಬಾಡಿಗೆ ಹಾಲಿನಲ್ಲಿ ಆರಾಧನೆ ಆರಂಭಿಸಿದವು. ಚೀಟಿ ಹಾಕಿಸುವುದು ಪಂಚಾಯಿತಿ ಚುನಾವಣೆಗೆ ಸರಿ. ಹಿರಿಯರ ಮಂಡಳಿ ಎಂಬುದೇ ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಕ್ರೈಸ್ತ ಪಂಗಡದ್ದು, ಬ್ಯಾಪ್ಟಿಸ್ಟರದ್ದಲ್ಲ.

ಕೆಂಗೇರಿಯಿಂದ

ಇದು ತಪ್ಪು ಮಾಹಿತಿ. 1689ರ ಲಂಡನ್ ಬ್ಯಾಪ್ಟಿಸ್ಟ್ ವಿಶ್ವಾಸ ಪ್ರಮಾಣದ 26ನೆಯ ಅಧ್ಯಾಯವನ್ನು ಓದಿ. ಸಭೆಯಲ್ಲಿ ಹಿರಿಯರು ಮತ್ತು ಸಭಾಸೇವಕರು (ಡೀಕನ್‌ಗಳು) ಎಂಬ ಎರಡು ಹೊಣೆಗಳಿವೆ ಎಂದೂ, ಅವರನ್ನು ಸಭೆಯೇ ತನ್ನ ಸದಸ್ಯರ ಮತದಿಂದ ಆರಿಸಬೇಕೆಂದೂ ಅಲ್ಲಿದೆ. ಪ್ರೆಸ್ಬಿಟೇರಿಯನ್ನರಲ್ಲಿ ಸ್ಥಳೀಯ ಸಭೆಯ ಮೇಲೆ ಅಧಿಕಾರವುಳ್ಳ ಮಂಡಳಿಗಳಿವೆ. 1947ರಲ್ಲಿ ರೂಪುಗೊಂಡ ಸಿ.ಎಸ್.ಐ.ಯಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್ಪರಿದ್ದಾರೆ, ನಮಗೆ ಸಭೆಯ ಮೇಲೆ ಕ್ರಿಸ್ತನ ಹೊರತು ಇನ್ನೊಬ್ಬ ಅಧಿಕಾರಿಯಿಲ್ಲ. ವ್ಯತ್ಯಾಸ ಇರುವುದು ಅಲ್ಲಿ. ಬೈಬಲಿನಲ್ಲಿ ತೀತನಿಗೆ ಬರೆದ ಪತ್ರದ 1:5ರಲ್ಲಿ ಪಟ್ಟಣ ಪಟ್ಟಣಕ್ಕೆ ಹಿರಿಯರನ್ನು ನೇಮಿಸಬೇಕೆಂದು ಪೌಲನು ಬಹುವಚನದಲ್ಲಿಯೇ ಬರೆದಿದ್ದಾನೆ. ನಿಮ್ಮ ಸಭೆ ಒಡೆದದ್ದು ಚೀಟಿಯಿಂದಲ್ಲ, ದುಡಿಯುವವರಿಗೆ ಬರಲಾಗದ ಹೊತ್ತಿನಲ್ಲಿ ಕೂಟ ಕರೆದದ್ದರಿಂದ.

ಹೆಬ್ಬಾಳದಿಂದ, ಒಬ್ಬ ಸಹೋದರಿ

ಅಣ್ಣಂದಿರಿಬ್ಬರೂ ಹಿರಿಯರ ವಿಷಯದಲ್ಲಿಯೇ ನಿಂತಿದ್ದೀರಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ಜಗಳ ಹುಟ್ಟಿದ್ದು ವಿಧವೆಯರ ದಿನನಿತ್ಯದ ಊಟದ ವಿಷಯದಲ್ಲಿ, ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಿದ್ದು ಶಿಷ್ಯಸಮೂಹ. ನಾನು ಬೇರೊಂದು ಸಭೆಯಲ್ಲಿ ಆರು ವಾರ ಸಭಾಸೇವಕಿಯೊಬ್ಬರ ಹಿಂದೆಯೇ ಓಡಾಡಿದೆ. ಅವರ ಚೀಲದಲ್ಲಿ 200 ಪುಟದ ಒಂದು ನೋಟ್‌ಬುಕ್ ಇತ್ತು. ಪ್ರತಿ ಕುಟುಂಬಕ್ಕೆ ಎರಡು ಪುಟ: ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನ ಶಾಲಾ ಫೀ ಬಾಕಿ, ಕೊನೆಯ ಸಲ ಹೋದ ತಾರೀಖು ಎಲ್ಲವೂ ಅದರಲ್ಲಿತ್ತು. ಮೂರು ವಾರಕ್ಕಿಂತ ಹಳೆಯ ತಾರೀಖು ಕಂಡರೆ ಅದರ ಕೆಳಗೆ ಕೆಂಪು ಗೆರೆ. ಮರಳಿ ಬಂದು ಅಂಥದೇ ಪುಸ್ತಕವನ್ನು ನಾನು ಆರಂಭಿಸಿದಾಗ, ಹೆಣ್ಣುಮಗಳಿಗೆ ಇದೆಲ್ಲ ಏಕೆಂದು ನಮ್ಮ ಸಮಿತಿ ಕೇಳಿತು. ಒಂದೂವರೆ ವರ್ಷ ಹುದ್ದೆಯಿಲ್ಲದೆಯೇ ಆ ಕೆಲಸ ಮಾಡಿದೆ.

ಲಿಂಗರಾಜಪುರದಿಂದ

ಸಹೋದರಿಯವರ ಸೇವೆ ದೊಡ್ಡದು, ಆದರೆ ಸಭಾಸೇವಕಿ ಎಂಬ ಹುದ್ದೆಗೆ ವಾಕ್ಯದಲ್ಲಿ ಆಧಾರವೆಲ್ಲಿದೆ?

ಹೆಬ್ಬಾಳದಿಂದ, ಅದೇ ಸಹೋದರಿ

ರೋಮಾಪುರದವರಿಗೆ 16:1, ಫೊಯಿಬೆ ಎಂಬ ಸಹೋದರಿ. ಅಲ್ಲಿರುವ ಗ್ರೀಕ್ ಪದವೂ 1 ತಿಮೊಥೆಯನಿಗೆ 3ರಲ್ಲಿ ಸಭಾಸೇವಕರಿಗೆ ಬಳಸಿದ ಪದವೂ ಒಂದೇ. ಅದು ಹುದ್ದೆಯೋ ಸೇವೆಯೋ ಎಂಬ ಬಗ್ಗೆ ಬ್ಯಾಪ್ಟಿಸ್ಟರಲ್ಲಿಯೇ ಭಿನ್ನಾಭಿಪ್ರಾಯವಿರುವುದನ್ನು ಬಲ್ಲೆ. ಆದರೆ ಆಧಾರವೇ ಇಲ್ಲವೆಂದು ಹೇಳಬೇಡಿ ಅಣ್ಣ. ಒಂದೂವರೆ ವರ್ಷ ಆ ಮಾತನ್ನೇ ಕೇಳಿದ್ದೇನೆ.

ವಿಜಯನಗರದಿಂದ

ಪ್ರಶ್ನೆ ಕೇಳಿದವರಿಗೆ ತಿಂಗಳಿಗೆ ಎರಡೇ ಭಾನುವಾರ ಬಿಡುವು ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ನನ್ನದೂ ಪಾಳಿ ಕೆಲಸ. ನಾನು ಆರಾಧನೆಗಿಂತ ಹೆಚ್ಚಾಗಿ ಹಿರಿಯರು ಸೇರುವ ಬುಧವಾರದ ರಾತ್ರಿಗೆ ಅನುಮತಿ ಪಡೆದು ಹೋದೆ. ಸದಸ್ಯರ ಖಾಸಗಿ ವಿಷಯ ಬಂದಾಗ ನನ್ನನ್ನು ಹೊರಗೆ ಕೂರಿಸಿದರು. ಆಗ ಬೇಸರವಾಯಿತು, ಆಮೇಲೆ ಅದೇ ನನಗೆ ದೊಡ್ಡ ಪಾಠವೆನಿಸಿತು. ಹಿರಿಯರೊಬ್ಬರ ಮೇಲೆ ದೂರು ಬಂದಾಗ ಎರಡು ಮೂರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬಾರದೆಂಬ 1 ತಿಮೊಥೆಯನಿಗೆ 5:19ನ್ನು ಅವರು ಹೇಗೆ ನಡೆಸುತ್ತಾರೆಂದು ತಪ್ಪದೆ ಕೇಳಿ. ನಮ್ಮ ಸಭೆಯಲ್ಲಿ ಅದನ್ನು ಕೇಳದೆ ಬಿಟ್ಟು, ಒಬ್ಬ ಒಳ್ಳೆಯ ಮನುಷ್ಯನನ್ನು ಕಳೆದುಕೊಂಡೆವು.

ಲಿಂಗರಾಜಪುರದಿಂದ

ಕೆಂಗೇರಿಯ ಸಹೋದರರು ಕೂಟದ ಹೊತ್ತಿನ ಬಗ್ಗೆ ಹೇಳಿದ ಮಾತು ಎರಡು ದಿನದಿಂದ ಮನಸ್ಸನ್ನು ಕೊರೆಯುತ್ತಿದೆ. ನಾಲ್ಕು ಗಂಟೆ ಎಂದು ಗೊತ್ತುಮಾಡಿದ್ದು ನಾನೇ. ಆ ಇಂಗ್ಲಿಷ್ ಸಭೆಯಲ್ಲಿ ಅದೇ ಹೊತ್ತಿತ್ತು. ಹೊರಟುಹೋದ 23 ಕುಟುಂಬಗಳಲ್ಲಿ ನನ್ನ ತಂಗಿಯ ಮನೆಯೂ ಒಂದು. ಅವಳ ಗಂಡನಿಗೆ ಭಾನುವಾರ ರಾತ್ರಿ ಎಂಟಕ್ಕೆ ಡ್ಯೂಟಿ ಮುಗಿಯುತ್ತಿತ್ತು.

ಯಲಹಂಕದಿಂದ

ಎಲ್ಲರಿಗೂ ವಂದನೆಗಳು. ಮುಂದಿನ ಭಾನುವಾರ ಸಭೆಯ ಮುಂದೆ ನಿಲ್ಲಿಸಿ ಪ್ರಾರ್ಥಿಸಿ ಕಳುಹಿಸುವಂತೆ ಸಭಾಪಾಲಕರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ. ನಾನು ಹೋಗುವ ಸಭೆಯ ಸದಸ್ಯರ ಕೂಟ ಮೂರು ತಿಂಗಳಿಗೊಮ್ಮೆ ಮಾತ್ರ ಇದೆಯೆಂದು ತಿಳಿದುಬಂದಿದ್ದರಿಂದ, ಆ ದಿನದ ಪಾಳಿಯನ್ನು ಬದಲಿಸಿಕೊಡಲು ಸಹೋದ್ಯೋಗಿಯೊಬ್ಬರ ಬಳಿ ಈಗಲೇ ಮಾತನಾಡಿದ್ದೇನೆ. ಹೆಬ್ಬಾಳದ ಅಕ್ಕ, ಆ ನೋಟ್‌ಬುಕ್ಕಿನ ಪುಟಗಳನ್ನು ಹೇಗೆ ವಿಂಗಡಿಸಿದ್ದೀರೆಂದು ದಯವಿಟ್ಟು ಬರೆಯಿರಿ.