ಸಹಾಯ ಬೇಕು: ಅಮ್ಮನ ಜೊತೆ ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡು ದಿನ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮನನ್ನು ಕರೆದುಕೊಂಡು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋಗುತ್ತಿದ್ದೇನೆ. ಸಿಗುವುದು ಶನಿವಾರ, ಭಾನುವಾರ ಮಾತ್ರ.

1847ರಲ್ಲಿ ಮಾರ್ಮನ್ನರು (ಭಾನುವಾರ ಕೆಲಸ ಬಿಟ್ಟು ಪ್ರಾರ್ಥನೆಗೆ ಮೀಸಲಿಡುವ ಒಂದು ಕ್ರೈಸ್ತ ಪಂಥದವರು) ಬಂದು ಕಟ್ಟಿದ ಊರು ಅಲ್ವಾ, ಅವತ್ತು ಎಷ್ಟೋ ಅಂಗಡಿ, ಹೋಟೆಲ್ ಮುಚ್ಚಿರುತ್ತವೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಾರ್ಮನ್ನರ ದೇವಾಲಯವಿರುವ ಟೆಂಪಲ್ ಸ್ಕ್ವೇರ್ ಹತ್ತಿರ ಭಾನುವಾರ ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆ? ಅಲ್ಲಿನ ಟ್ಯಾಬರ್ನ್ಯಾಕಲ್ ಸಭಾಂಗಣದಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಗಾಯನ ಕೇಳುವ ಆಸೆ ಅವರಿಗೆ ತುಂಬಾ ಇದೆ. ಎಷ್ಟು ಹೊತ್ತಿಗೆ ಹೋದರೆ ಒಳ್ಳೆಯದು?

ಇನ್ನೊಂದು ಚಿಂತೆ. ಊರು ಸುಮಾರು 4,200 ಅಡಿ ಎತ್ತರದಲ್ಲಿದೆ, ಗಾಳಿ ಒಣ. ಹೋದ ಸಲ ಇಂಥದೇ ಜಾಗದಲ್ಲಿ ಅಮ್ಮನ ತುಟಿ ಬಿರಿದು ರಕ್ತ ಬಂದಿತ್ತು. ರಾತ್ರಿಯಿಡೀ ತುಪ್ಪ ಸವರಿಕೊಂಡು ಕೂತಿದ್ದರು. ನೀವು ಏನು ಮಾಡುತ್ತೀರಿ?

ಊರ ಹತ್ತಿರದ ಉಪ್ಪಿನ ಸರೋವರದಲ್ಲಿರುವ ಆಂಟಿಲೋಪ್ ದ್ವೀಪದ ಬೈಸನ್‌ಗಳನ್ನು ನೋಡಲು ಬಾಡಿಗೆ ಕಾರು ಬೇಕೇ ಬೇಕಾ? ಹೋಗಿಬಂದವರು ದಯವಿಟ್ಟು ತಿಳಿಸಿ.