‘ಚಟ’ ಅನ್ನದೆ ಹೇಳುವುದು ಹೇಗೆ? ಗಾಬರಿ ಮಾತ್ರೆಯ ಸೂಚನೆಗೆ ಪದ ಬೇಕು

ಗೆಳೆಯರೇ,

ಕ್ಲೊನಾಜೆಪಾಮ್ ತೆಗೆದುಕೊಳ್ಳುವವರಿಗಾಗಿ ಒಂದು ಪುಟದ ಕನ್ನಡ ಸೂಚನೆ ಬರೆಯುತ್ತಿದ್ದೇನೆ. ಆತಂಕಕ್ಕೆ, ಗಾಬರಿಯಾಗಿ ಎದೆ ಡವಡವ ಹೊಡೆದುಕೊಳ್ಳುವುದಕ್ಕೆ ಡಾಕ್ಟರು ಬರೆದುಕೊಡುವ ಮಾತ್ರೆ. ಆಲ್ಪ್ರಜೋಲಾಮ್ ಕೂಡ ಇದೇ ಬಳಗದ್ದು. ಮನೆಗಳಲ್ಲಿ ‘ನಿದ್ದೆ ಮಾತ್ರೆ’, ‘ಟೆನ್ಷನ್ ಮಾತ್ರೆ’ ಅನ್ನುತ್ತಾರೆ. ವಿಷಯವನ್ನು ಡಾಕ್ಟರೇ ನೋಡುತ್ತಾರೆ, ನನ್ನ ಪಾಲಿಗೆ ಬಂದಿರುವುದು ಭಾಷೆ.

ದೊಡ್ಡ ತೊಡಕು ‘ಡಿಪೆಂಡೆನ್ಸ್’. ‘ಅವಲಂಬನೆ’ ಅಂದರೆ ವಯಸ್ಸಾದ ಅಪ್ಪ ಮಗನನ್ನು ನಂಬಿಕೊಂಡಿದ್ದಾನೆ ಅಂದ ಹಾಗೆ ಕೇಳಿಸುತ್ತದೆ. ‘ಚಟ’ ಎಲ್ಲರಿಗೂ ಗೊತ್ತು, ಆದರೆ ಅದು ಅರ್ಧ ಬೈಗುಳ. ಡಾಕ್ಟರು ಹೇಳಿದಷ್ಟೇ, ಹೇಳಿದ ಹೊತ್ತಿಗೇ ನುಂಗಿದವರ ದೇಹವೂ ಕೆಲವು ವಾರಗಳಲ್ಲಿ ಈ ಮಾತ್ರೆಗೆ ಹೊಂದಿಕೊಂಡುಬಿಡಬಹುದು. ಅದನ್ನು ಚಟ ಅನ್ನುವುದು ಅನ್ಯಾಯ ಅಲ್ವಾ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಬಳಗದ ಔಷಧಿಗಳ ಎಚ್ಚರಿಕೆಯನ್ನು ಬಿಗಿ ಮಾಡಿದಾಗ, ದೇಹ ಹೀಗೆ ಹೊಂದಿಕೊಳ್ಳುವುದನ್ನೂ ಚಟವನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿತ್ತು. ನಾವು ಎರಡಕ್ಕೂ ‘ಚಟ’ ಅಂದರೆ ಓದಿದವರು ಹೆದರಿ ಅವತ್ತೇ ಮಾತ್ರೆ ನಿಲ್ಲಿಸಿಬಿಡಬಹುದು. ಅಪಾಯ ಇರುವುದೇ ಅಲ್ಲಿ.

‘ದೇಹ ಒಗ್ಗಿಹೋಗುತ್ತದೆ’ ಅಂತ ಬರೆದು ನೋಡಿದೆ. ಆದರೆ ನಮ್ಮಲ್ಲಿ ‘ಆ ಡಾಕ್ಟರ ಔಷಧಿ ನನಗೆ ಒಗ್ಗುತ್ತೆ’ ಅನ್ನುವುದು ಹೊಗಳಿಕೆ! ಹಾಗಾಗಿ ಪದದ ಗೊಡವೆಯೇ ಬೇಡ, ‘ದಿನಾ ತೆಗೆದುಕೊಂಡರೆ, ಆಮೇಲೆ ಮಾತ್ರೆ ಇಲ್ಲದೆ ದೇಹ ತಡೆದುಕೊಳ್ಳದ ಹಾಗೆ ಆಗಬಹುದು’ ಅಂತ ವಾಕ್ಯವನ್ನೇ ಬರೆಯೋಣ ಅನ್ನಿಸುತ್ತಿದೆ. ಉದ್ದವಾಯಿತು, ನಿಜ.

ಇನ್ನು ನಿಲ್ಲಿಸುವ ಮಾತು. ‘ಹಂತ ಹಂತವಾಗಿ ಕಡಿಮೆ ಮಾಡಿ’ ಅಂದರೆ ಕೆಲವರು ದಿನ ಬಿಟ್ಟು ದಿನ ನುಂಗುವುದು ಅಂತ ತಿಳಿಯಬಹುದು. ಹಾಗಲ್ಲ. ದಿನದ ಪ್ರಮಾಣವನ್ನೇ ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಒಮ್ಮೆಲೇ ಬಿಟ್ಟರೆ ನಿದ್ದೆ ಹಾರಿಹೋಗುತ್ತದೆ, ಕೈ ನಡುಗುತ್ತದೆ, ಗಾಬರಿ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಇಲ್ಲಿ ‘ಮೂರ್ಛೆ’ ಹಾಕಲು ನನಗೆ ಮನಸ್ಸಿಲ್ಲ. ಬಿಸಿಲಿಗೆ ತಲೆ ತಿರುಗಿ ಬಿದ್ದರೂ ಮೂರ್ಛೆ ಅಂತಲೇ ಅನ್ನುತ್ತೇವೆ. ‘ಫಿಟ್ಸ್’ ಇರಲಿ. ಇಂಗ್ಲಿಷ್ ಪದ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

‘ಅರ್ಧ’ ಅನ್ನುವುದೂ ಕಾಟ ಕೊಡುತ್ತಿದೆ. ಕ್ಲೊನಾಜೆಪಾಮ್ 0.25, 0.5, 1, 2 ಮಿಲಿಗ್ರಾಂ ಹೀಗೆ ಸಿಗುತ್ತದೆ. ‘ರಾತ್ರಿ ಅರ್ಧ’ ಅಂದರೆ ಅರ್ಧ ಮಿಲಿಗ್ರಾಮೋ, ಮಾತ್ರೆಯನ್ನು ಮುರಿದ ಅರ್ಧವೋ? 2 ಮಿಲಿಗ್ರಾಂ ಮಾತ್ರೆ ಮುರಿದರೆ ಅರ್ಧವೇ 1 ಮಿಲಿಗ್ರಾಂ. ಅಂಕಿ ಮತ್ತು ಮಾತ್ರೆಯ ಲೆಕ್ಕ ಎರಡನ್ನೂ ಬರೆಯುವುದೇ ಸರಿ.

ಚೀಟಿಯಲ್ಲಿನ ‘ಎಸ್‌ಒಎಸ್’ಗೆ ‘ಬೇಕಾದಾಗ’ ಅನ್ನುವ ಅನುವಾದ ನೋಡಿದ್ದೇನೆ. ಅದು ‘ಇಷ್ಟ ಬಂದಾಗ’ ಅಂತ ಕೇಳುತ್ತದೆ. ‘ತೀರಾ ಅಗತ್ಯ ಬಿದ್ದರೆ ಮಾತ್ರ’ ಅಂತ ಹಾಕಿ, ದಿನಕ್ಕೆ ಎಷ್ಟಕ್ಕಿಂತ ಹೆಚ್ಚು ಬೇಡ ಅನ್ನುವುದನ್ನು ಡಾಕ್ಟರು ತುಂಬಲು ಜಾಗ ಬಿಟ್ಟಿದ್ದೇನೆ.

‘ಮದ್ಯಪಾನ ನಿಷಿದ್ಧ’ವನ್ನು ಸುಮ್ನೆ ಹೊಡೆದುಹಾಕಿದೆ. ‘ಈ ಮಾತ್ರೆಯ ಜೊತೆ ಕುಡಿಯಬೇಡಿ, ಉಸಿರಾಟ ನಿಧಾನವಾಗಿ ಜೀವಕ್ಕೇ ಅಪಾಯ’ ಅಂದರೆ ಸಾಕು. ಬರೀ ‘ಕುಡಿಯಬೇಡಿ’ ಅಂದರೆ ನೀರೂ ಕುಡಿಯಬಾರದಾ ಅಂತ ಕೇಳುವವರು ಇರುತ್ತಾರೆ, ಅದಕ್ಕೆ ಬ್ರಾಂಡಿ, ಬಿಯರ್ ಹೆಸರನ್ನೇ ಹಾಕಬೇಕೋ ಏನೋ. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ನೋವಿಗೆ ಕೊಡುವ ಟ್ರಮಡಾಲ್ ಸೇರಿದರೂ ಇದೇ ಅಪಾಯ. ಬೇರೆ ಯಾವ ಔಷಧಿ ನಡೆಯುತ್ತಿದೆ ಅನ್ನುವುದನ್ನು ಡಾಕ್ಟರಿಗೆ ಹೇಳಿ ಅನ್ನುವ ಸಾಲೂ ಇದೆ.

ಕೊನೆಯದು ‘ಮಂಪರು’. ಮಾತ್ರೆ ನುಂಗಿ ಗಾಡಿ ಓಡಿಸಬೇಡಿ, ವಯಸ್ಸಾದವರು ರಾತ್ರಿ ಎದ್ದಾಗ ಜೋಲಿ ಹೊಡೆದು ಬೀಳಬಹುದು ಅನ್ನುವ ಕಡೆ ಇದು ಬರುತ್ತದೆ. ಮೈಸೂರು, ಬೆಂಗಳೂರು ಕಡೆ ನಡೆಯುತ್ತದೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆ ಮನೆಯ ಹಿರಿಯರು ಹೀಗೇ ಅನ್ನುತ್ತಾರಾ, ಅಥವಾ ‘ತೂಕಡಿಕೆ’, ‘ಜೋಂಪು’ ಹೆಚ್ಚು ಬಳಕೆಯಲ್ಲಿದೆಯಾ? ‘ಅಮಲು’ ಮಾತ್ರ ಬೇಡ, ಅದು ಮತ್ತೆ ಚಟದ ಕಡೆಗೇ ಎಳೆಯುತ್ತದೆ. ನಿಮ್ಮ ಊರಿನ ಮಾತು ಬರೆಯಿರಿ.