ಅಪ್‌ಡೇಟ್: ಟೆಸ್ಟಿಂಗ್‌ನಲ್ಲಿ ಪ್ರಶ್ನೆ ಕೇಳೋ ಅಭ್ಯಾಸ, ಕೊನೆಗೆ ಯಾವುದು ಕೆಲಸ ಮಾಡ್ತು

ಕಾಫಿ ಖರೀದಿ ಆ್ಯಪ್ ಟೆಸ್ಟ್ ಮಾಡುವಾಗ ಒಳ್ಳೆ ಪ್ರಶ್ನೆ ಕೇಳೋದನ್ನ ಹೇಗೆ ರೂಢಿಸಿಕೊಳ್ಳೋದು ಅಂತ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದದ್ದು "ಹೌದು-ಇಲ್ಲ ಪ್ರಶ್ನೆ ಬಿಡಿ, ಲೆಕ್ಕ ಮುಂದಿಟ್ಟು ಕೇಳಿ" ಅನ್ನೋ ಸಲಹೆ. "ಓಟಿ ದಶಾಂಶದಲ್ಲಿ ಹಾಕಬಹುದಾ?" ಅಂದ್ರೆ "ಹೂಂ" ಅಂತಾರೆ, ಅಲ್ಲಿಗೆ ಮುಗೀತು. (ಓಟಿ ಅಂದ್ರೆ ಔಟ್‌ಟರ್ನ್: 50 ಕೆಜಿಯ ಒಂದು ಚೀಲ ಚೆರಿಯಲ್ಲಿ, ಅಂದ್ರೆ ಒಣಗಿಸಿದ ಕಾಫಿ ಹಣ್ಣಲ್ಲಿ, ಸಿಪ್ಪೆ ತೆಗೆದ ಮೇಲೆ ಸಿಗೋ ಕ್ಲೀನ್ ಕಾಫಿ ಎಷ್ಟು ಕೆಜಿ ಅನ್ನೋದು.) ಅದನ್ನೇ "ಓಟಿ 27.46 ಬಂತು, ಒಂದು ಓಟಿಗೆ 200 ರೂಪಾಯಿ ಅಂದ್ಕೊಳ್ಳಿ, ಚೀಲಕ್ಕೆ ಎಷ್ಟಾಯ್ತು?" ಅಂತ ಕೇಳಿದ್ರೆ ಡೆವಲಪರ್ 5492 ಅಂದ್ರು. ಗೋಣಿಕೊಪ್ಪದಲ್ಲಿ ತೂಕ ಹಾಕೋ ಗುಮಾಸ್ತರು ಓಟಿಯನ್ನ ಮೊದಲೇ 27.5 ಮಾಡಿ 5500 ಅಂದ್ರು. ಸ್ಪೆಕ್‌ನಲ್ಲಿ (ಆ್ಯಪ್ ಹೇಗೆ ಕೆಲಸ ಮಾಡ್ಬೇಕು ಅಂತ ಬರೆದಿಟ್ಟ ದಾಖಲೆ) ಈ ಬಗ್ಗೆ ಒಂದಕ್ಷರ ಇರಲಿಲ್ಲ.

ಏನು, ಯಾಕೆ, ಯಾವಾಗ ಅಂತ ದೊಡ್ಡ ಚೆಕ್‌ಲಿಸ್ಟ್ ಹಿಡ್ಕೊಂಡು ಕೂರೋದು ನಡೀಲಿಲ್ಲ. ಮುಂದಿನ ಪ್ರಶ್ನೆ ಹುಡುಕೋದ್ರಲ್ಲೇ ಉತ್ತರ ಕಿವಿಗೆ ಬೀಳಲ್ಲ.

ಆಶ್ಚರ್ಯ ಆಗಿದ್ದು: "ಯಾಕೆ ಹೀಗೆ ಮಾಡಿದ್ರಿ?" ಅಂದ್ರೆ ಎದುರಿನವರು ಸಮರ್ಥನೆಗೆ ಇಳೀತಾರೆ. "ಯಾವುದನ್ನ ನೋಡಿ ಹೀಗೆ ಇಟ್ರಿ?" ಅಂದ್ರೆ ಫೈಲೇ ತೆಗೆದು ತೋರಿಸ್ತಾರೆ.

ಈಗಿನ ಅಭ್ಯಾಸ ಇಷ್ಟೇ. ಆ್ಯಪ್ ತೆರೆಯೋ ಮೊದಲು ಒಂದೇ ಫೀಲ್ಡ್ (ಆ್ಯಪ್‌ನಲ್ಲಿ ಮಾಹಿತಿ ತುಂಬೋ ಜಾಗ) ಬಗ್ಗೆ 10 ನಿಮಿಷ ಪ್ರಶ್ನೆ ಬರೆಯೋದು, ಸ್ಪೆಕ್‌ನಲ್ಲಿ ಉತ್ತರ ಇರೋದನ್ನೆಲ್ಲ ಹೊಡೆದುಹಾಕೋದು, ಉಳಿದದ್ದನ್ನ ಒಂದೊಂದಾಗಿ ಕೇಳೋದು. ಹಾಗೆ ಉಳಿದವುಗಳಲ್ಲಿ ಒಂದು: ಮಳೆಗೆ ನೆಟ್‌ವರ್ಕ್ ಹೋದಾಗ ಸೇವ್ ಎರಡು ಸಲ ಒತ್ತಿದ್ರೆ ಒಂದೇ ಚೀಲ ಎರಡು ಅಂತ ದಾಖಲಾಗುತ್ತಾ? ಆಗ್ತಿತ್ತು, ಸರಿ ಮಾಡಿದ್ದಾರೆ. ಖಾಲಿ ಚೀಲದ ತೂಕ ಯಾವ ಹಂತದಲ್ಲಿ ಕಳೆಯಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.